ಬಿಳಿ ದಾರ, ಕೆಂಪು ದಾರ

ಡಿಸೆಂಬರ್ 3

ಬೆಳಗಿನ ಸುತ್ತು ಮುಗಿಯಿತು. ಜೊಂಡಿನ ಜೋಲಿಗಳಲ್ಲಿ ತೂಗುವ ಕರಬೂಜಗಳ ಕೆಳಗೆ ಕತ್ತೆತ್ತಿ ನಡೆದು ನಡೆದು ಹೆಗಲು ಬಿಗಿದಿದೆ. ತೊಟ್ಟು ಮೂಸಿದರೆ ಏನೂ ತಿಳಿಯದು. ಹೂವು ಉದುರಿದ ತುದಿಯಲ್ಲಿ ಹಣ್ಣು ಮಾತಾಡುತ್ತದೆ. ಮೊದಲು ಹಸಿ ಹುಲ್ಲು. ಆಮೇಲೆ ನೀರು ಚಿಮುಕಿಸಿದ ಅಂಗಳ. ಕೊನೆಗೆ ಜೇನು. ಜೇನು ಬಂದ ಮೇಲೆ ಹುಳಿಗೆ ತಡವಿಲ್ಲ. ಹುಲ್ಲು ನಾರುವವು ಇನ್ನೂ ಕಾಯುತ್ತವೆ, ಅವಕ್ಕೆ ಬಿಳಿ ದಾರ ಕಟ್ಟುತ್ತೇನೆ; ಬೇಗ ಮಾರಬೇಕಾದ ಉಳಿದವಕ್ಕೆ ಕೆಂಪು.

ಮೈದುನ ಒಟಾನಜರ್ ಬಾಗಿಲಲ್ಲಿ ನಿಂತು ನಕ್ಕ. "ಏನತ್ತಿಗೆ, ಎಂ.ಎ. ಮಾಡಿದ್ದು ಕರಬೂಜ ಮೂಸೋದಕ್ಕಾ?"

"ಕಾವ್ಯ ಪಾಠ ಮಾಡಿದವಳು ಕಣಪ್ಪ. ಒಳಗಿರೋದನ್ನ ಹೊರಗಿಂದ್ಲೇ ಹಿಡೀತೀನಿ."

"ಹಿಡೀರಿ, ಹಿಡೀರಿ. ನವ್ರೂಜ್ ಕಳೀಲಿ, ನನ್ನ ಟೈರುಗಳನ್ನೂ ಮೂಸೋರಂತೆ."

ಅತ್ತೆಯ ತೀರ್ಪು ಅದು. ಈ ಮಣ್ಣಿನ ಕಟ್ಟಡ ಅವರದು. ವಸಂತದ ನವ್ರೂಜ್ ಹಬ್ಬದವರೆಗೆ ಹಣ್ಣು ಉಳಿಸಿದರೆ ನನ್ನ ಅಂಗಡಿ. ಇಲ್ಲವಾದರೆ ಅವನ ಟೈರ್ ಗೋಡೌನ್.

ಡಿಸೆಂಬರ್ 17

ಹೆಂಗಸೊಬ್ಬಳು ಬಂದಳು. "ಗುರುವಾರ ಬೀಗರು ಬರ್ತಾರಕ್ಕ." ಗುರುವಾರಕ್ಕೆ ಸರಿಯಾಗಿ ಪಕ್ವವಾಗುವ ಹಣ್ಣು ಕೊಟ್ಟೆ. ಖೀವಾ ಬಜಾರಿನಲ್ಲಿ ಎಲ್ಲರೂ ಹಣ್ಣು ಮಾರುತ್ತಾರೆ. ನಾನು ಮಾರುವುದು ದಿನವನ್ನು.

ಬರೆದು ಎರಡು ಸಲ ಓದಿಕೊಂಡೆ. ಜಂಬ. ಇರಲಿ, ಯಾರು ನೋಡುತ್ತಾರೆ.

ಪಕ್ಕದ ಉರ್ಗೆಂಚ್ ಪಟ್ಟಣದ ದೊಡ್ಡ ಚಹಾಮನೆಯ ಮಾಲೀಕರು, ಮತ್ಯಾಕುಬ್, ಬಂದಿದ್ದರು. ನವ್ರೂಜ್ ದಿನ ಪ್ರತಿ ಮೇಜಿಗೂ ಕರಬೂಜ ಬೇಕಂತೆ. "ಅಲ್ಲೀವರೆಗೂ ಇಡ್ತೀರಾ ಟೀಚರಮ್ಮ?"

ಇಡುತ್ತೇನೆ ಅಂದೆ.

ಜನವರಿ 22

ಏನೋ ಆಗಿದೆ. ಬಾಗಿಲು ತೆಗೆದರೆ ಒಂದೇ ಗಾಢ ಪರಿಮಳ. ಅದರಡಿಯಲ್ಲಿ ಯಾವ ಹಣ್ಣಿನದೂ ಸಿಗುತ್ತಿಲ್ಲ — ಮದುವೆಮನೆಯ ಡೋಲಿನ ನಡುವೆ ಪಿಸುಮಾತು ಹುಡುಕಿದ ಹಾಗೆ. ಬಿಳಿ ದಾರದವೂ ಮೆತ್ತಗಾಗತೊಡಗಿವೆ!

ಮೂಲೆಯ ಹುಲ್ಲು ಕೆದಕಿದೆ. ಬೆಹಿ ಹಣ್ಣು. ಹಳದಿ, ಗಡುಸು, ಮನೆಮನೆಯ ಗೂಡಿನಲ್ಲೂ ಘಮಕ್ಕೆಂದು ಇಡುವಂಥದು. ಇಲ್ಲಿ ಒಂದು ಮೂಟೆ.

"ನಾನೇ ಕಣೆ ಇಟ್ಟಿದ್ದು," ಅಂದರು ಅತ್ತೆ. "ಗಿರಾಕಿಗಳು ಬರೋ ಜಾಗ, ಘಮ್ಮಂತಿರ್ಲಿ ಅಂತ."

"ಅಮ್ಮಾ, ಬೆಹಿ ಜೊತೆಗಿಟ್ರೆ ಕರಬೂಜ ಬೇಗ ಹಣ್ಣಾಗತ್ತೆ…"

ಅವರು ತಲೆಯ ಬಟ್ಟೆಯ ಅಂಚು ಬಾಯಿಗೆ ಒತ್ತಿಕೊಂಡರು. ಹೇಳಬಾರದಿತ್ತೇನೋ.

ಒಟಾನಜರ್ ಓಡಿ ಬಂದ. "ನಾಳೆ ಲಾರಿ ತರ್ತೀನಿ. ಎಲ್ಲಾ ಒಟ್ಟಿಗೆ ಕೊಟ್ಬಿಡಿ ಅತ್ತಿಗೆ. ಕೊಳೆತ ಮೇಲೆ ಮೂಸೋದಕ್ಕೆ ಮೂಗು ಬೇಕಾಗಿಲ್ಲ."

ಬೇಡ ಅಂದೆ. ಬೆಹಿ ಹೊರಗೆ ಸಾಗಿಸಿದೆವು.

ಜನವರಿ 23

ಒಂದೊಂದನ್ನೇ ಶಾಲು ಸುತ್ತಿ ಅಂಗಳಕ್ಕೆ ತಂದೆ. ಹಿಮದ ಗಾಳಿಗೆ ವಾಸನೆಯೇ ಇಲ್ಲ — ಖಾಲಿ ಹಾಳೆ. ಅದರ ಮೇಲೆ ಹಣ್ಣು ಮತ್ತೆ ಬರೆಯತೊಡಗಿತು. ಹುಲ್ಲು. ಅಂಗಳ. ಅಂಗಳ. ಜೇನು! ಬೇಗ ಒಳಗೆ, ಚಳಿ ತಾಗಿದರೆ ಹಾಳು.

ಅತ್ತೆ ಕರೆಯದೆಯೇ ಬಂದು ಕೂತರು. ಮಡಿಲಲ್ಲಿ ದಾರದ ಉಂಡೆಗಳು.

"ಬಣ್ಣ ಹೇಳೇ ಅನೋರ್ಗುಲ್. ಕಟ್ತೀನಿ."

ಕೆಂಪೇ ಹೆಚ್ಚು. ನವ್ರೂಜ್‌ವರೆಗೆ ಉಳಿಯುವ ಬಿಳಿಯವು ಸಾಕಾದಾವೆ…

ಫೆಬ್ರವರಿ 4

ಕೆಂಪು ದಾರದವು ಖಾಲಿ. ಒಂದೂ ಹುಳಿಯೆಂದು ವಾಪಸು ಬರಲಿಲ್ಲ.

ಮಾರ್ಚ್ 2

ಬರೆಯಲು ಧೈರ್ಯವಿರಲಿಲ್ಲ. ಇವತ್ತಿದೆ. ಉಳಿದವುಗಳಲ್ಲಿ ಇನ್ನೂ ಹುಲ್ಲು. ಅವುಗಳ ಕೆಳಗೆ ಕೂತು ಕವಿತೆ ಓದಿದೆ, ನಿಧಾನವಾಗಿ. ಒಳ್ಳೆಯ ಸಾಲೂ ಹೀಗೇ, ಓದಿದ ದಿನವೇ ತನ್ನ ಅರ್ಥ ಬಿಟ್ಟುಕೊಡುವುದಿಲ್ಲ.

ಮಾರ್ಚ್ 20, ಮಧ್ಯಾಹ್ನ

ಮತ್ಯಾಕುಬ್ ಬಂದರು. ಎಲ್ಲಕ್ಕಿಂತ ದೊಡ್ಡದಕ್ಕೆ ಬೆರಳು ತೋರಿಸಿದರು. "ಅದನ್ನ ಕೊಯ್ದು ತೋರ್ಸಿ."

"ಅದು ಬೇಡಣ್ಣ. ಇನ್ನೂ ಒಂದು ವಾರ ಬೇಕು."

"ಒಳ್ಳೇದನ್ನ ಬಚ್ಚಿಡ್ತಿದೀರಾ?" ತಾವೇ ಇಳಿಸಿ ಚಾಕು ಹಾಕಿದರು. ಒಂದು ಹೋಳು ಕಚ್ಚಿದರು. ಕರಕರ. ಸೌತೆಕಾಯಿ.

"ಮುಗೀತು ಬಿಡಿ," ಅಂದ ಒಟಾನಜರ್.

ಪಕ್ಕದ ಸಣ್ಣದನ್ನು ನಾನು ಇಳಿಸಿದೆ. "ನಾಳೆಗೆ ಕೊಡೋದು ಇಂಥವು." ಚಾಕು ತಾಗುತ್ತಲೇ ಹಣ್ಣು ಬಿರಿಯಿತು. ರಸ ಅವರ ಮೊಣಕೈವರೆಗೆ ಇಳಿಯಿತು. ಎರಡನೆಯ ಹೋಳನ್ನೂ ತಿಂದು ಮುಗಿಸಿದರು.

"ಇನ್ಮೇಲೆ ನಾನು ಬೆರಳು ತೋರ್ಸಲ್ಲ ಟೀಚರಮ್ಮ. ನೀವು ಕೊಟ್ಟಿದ್ದು ತಗೋತೀನಿ."

ಪ್ರತಿ ಮೇಜಿಗೂ ಸಾಕಾದವು. ವ್ಯಾನು ತಿರುವು ದಾಟಿದ ಮೇಲೆ ಅತ್ತೆ ಬೀಗದ ಕೈಯನ್ನು ನನ್ನ ಕೋಟಿನ ಜೇಬಿಗೆ ಹಾಕಿದರು. ಜೇಬನ್ನು ಮೇಲಿಂದ ಎರಡು ಸಲ ತಟ್ಟಿದರು. ಅಷ್ಟೇ.

ಹೌದು, ನನ್ನ ಮೂಗು. ಹೌದು, ನನ್ನ ಅಂಗಡಿ.

ಮಾರ್ಚ್ 21, ಬೆಳಿಗ್ಗೆ

ಹಬ್ಬ. ಬಾಗಿಲು ತೆಗೆದಿಟ್ಟು ಇದನ್ನು ಬರೆಯುತ್ತಿದ್ದೇನೆ. ಹೊಸ್ತಿಲಲ್ಲಿ ಒಟಾನಜರ್. ಕಂಕುಳಲ್ಲಿ ಬಜಾರಿನ ಕರಬೂಜ. ಇವತ್ತು ಅವನ ಹೆಂಡತಿ ಕಡೆಯವರು ಬರುವವರು. ಕೆಮ್ಮಿದ. ಬೂಟಿನ ಮಣ್ಣು ಒರೆಸಿದ. ಮತ್ತೆ ಒರೆಸಿದ. ನಾನು ತಲೆ ಎತ್ತುತ್ತಿಲ್ಲ. ಬಾಯಿಬಿಟ್ಟು ಕೇಳಲಿ.

"ಅತ್ತಿಗೆ… ಇದನ್ನ ಒಂಚೂರು —"