ಹಳೇ ಬಾಡಿಗೆದಾರರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನೀನು, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆಯಲು ಕೂತರೆ ಕಾಲು ನಿಲ್ಲುತ್ತಿರಲಿಲ್ಲ. ಎದ್ದು, ಪಾರ್ಸೆಲ್ ಹಂಚುವ ಕೆಲಸವಿದೆಯೆಂದು ಗಾಡಿ ಹತ್ತಿಬಿಡುತ್ತಿದ್ದೆ. ಶಾಲೆ ಬಿಟ್ಟದ್ದೂ ಹೀಗೇ ತಾನೆ.

ಅಮ್ಮನ ಎದೆಯ ನೀರುಗುಳ್ಳೆಗಳು ನಿನಗೆ ಗೊತ್ತಲ್ಲ. ಅವು ಏನೂ ಮಾಡುವುದಿಲ್ಲ ಎಂದು ಡಾಕ್ಟರು ಹೇಳಿದಂದಿನಿಂದ ಅಮ್ಮನಿಗೆ ಅವು ‘ಬಾಡಿಗೆದಾರರು’. ಈಚೆಗೆ ಎಡಗಡೆಯವು ಗಟ್ಟಿಯಾದವು. ರವಿಕೆ ಬಿಗಿಯಾದರೆ ಬೇರೆಯವರು ಹೆದರುತ್ತಿದ್ದರು. ಅಮ್ಮ ದರ್ಜಿಯಲ್ಲವೇ, ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡಳು. ಮತ್ತೆ ಬಿಗಿಯಾಯಿತು, ಮತ್ತೆ ಬಿಚ್ಚಿದಳು. ಒಗೆದ ಬಟ್ಟೆ ಹರವುವಾಗ ನೋಡಿದೆ: ಅವಳ ಎಲ್ಲ ರವಿಕೆಗಳಲ್ಲೂ ಎಡಗಡೆ ಮಾತ್ರ ಸೂಜಿತೂತುಗಳ ಸಾಲು.

“ಇದೇನಮ್ಮ?”

“ಬಾಡಿಗೆದಾರರು ರೂಮು ದೊಡ್ಡದು ಮಾಡಿ ಅಂದ್ರು ಕಣೇ.”

“ನಡಿ ಆಸ್ಪತ್ರೆಗೆ.”

“ಸ್ಕೂಲಿಗೆ ನಡಿ ಅಂದಾಗ ನೀನು ಹೋಗಿದ್ಯಾ?”

ಹೇಗೋ ಎಳೆದುಕೊಂಡು ಹೋದೆ. ಹೊಸ ಗಂಟೇನಾದರೂ ಕಾಣಿಸಿತೇ ಎಂದು ಡಾಕ್ಟರಮ್ಮ ಕೇಳಿದರೆ, “ಇಲ್ಲಮ್ಮ, ಎಲ್ಲಾ ಹಳೇವೇ” ಎಂದು ನಕ್ಕಳು.

“ಹಳೇವು ಸುಮ್ಸುಮ್ನೆ ಬದಲಾಗಲ್ಲ” ಎಂದ ಡಾಕ್ಟರಮ್ಮ ನಗಲಿಲ್ಲ. ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಕೇಳಲು ಶುಕ್ರವಾರ ಹೋಗಬೇಕಿತ್ತು. “ನಂಗೆ ಬಟ್ಟೆ ಕೊಡೋದಿದೆ, ನೀನೇ ಕೇಳ್ಕೊಂಡು ಬಾ” ಎಂದು ಅಮ್ಮ ಮಿಷನ್ ಬಿಟ್ಟು ಏಳಲಿಲ್ಲ. ಗುಳ್ಳೆಗಳಲ್ಲಿ ಈಗಲೂ ಬರೀ ನೀರೇ ಇದೆಯಂತೆ ಅಕ್ಕ. ಅವುಗಳ ಬೆನ್ನಿಗೇ ಕ್ಯಾನ್ಸರ್ ಬೆಳೆದಿದೆ. ಅದು ಒತ್ತಿದ್ದಕ್ಕೆ ಇವುಗಳ ಆಕಾರ ಕೆಟ್ಟಿದೆ. ಕಂಕುಳಿಗೂ ಹಬ್ಬಿದೆ. ಉಳಿದದ್ದನ್ನು ಬುಧವಾರ ಅಮ್ಮನಿಗೇ ಹೇಳುತ್ತಾರಂತೆ.

ಮನೆಗೆ ಬಂದು, “ಬುಧವಾರ ನೀನೇ ಹೋಗಬೇಕಂತೆ” ಎಂದೆ. “ಆಯ್ತು” ಎಂದಳು. ಮಿಷನ್ ನಿಲ್ಲಲಿಲ್ಲ. ಈಗಲೂ ಓಡುತ್ತಲೇ ಇದೆ.

ಬುಧವಾರದೊಳಗೆ ಬಾ ಅಕ್ಕ. ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ,
ತಿರುಗಾಲಿ

ಮ.ವಿ.: ಬರುವ ಗಿರಾಕಿಗಳನ್ನೆಲ್ಲ ಅಮ್ಮ ಕೇಳುತ್ತಿದ್ದಾಳೆ, “ಏನೂ ಇರಲ್ಲ ಅಲ್ವಾ?” ಅಂತ. ಏನಿಲ್ಲ ಬಿಡಿ ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಮಾತ್ರ ಕೇಳಿಲ್ಲ. ಇವತ್ತು ತಡೆಯಲಾರದೆ, “ನನ್ನ ಯಾಕಮ್ಮ ಕೇಳಲ್ಲ?” ಎಂದೆ. ಬಟ್ಟೆಯಿಂದ ಕಣ್ಣೆತ್ತದೆ ಹೇಳಿದಳು: “ನಿಂಗೆ ಸುಳ್ಳು ಹೇಳೋಕೆ ಬರಲ್ವಲ್ಲೇ.”