ನೀವು ಕಟ್ಟಿಟ್ಟ ಗಂಟು

ಪೂಜ್ಯ ಗಂಟಿನಕ್ಕನವರಿಗೆ,

ನಮ್ಮ ಆಸ್ಪತ್ರೆಯ ರಕ್ತನಿಧಿಯ ಎರಡನೆಯ ಮಹಡಿಯಲ್ಲಿ, ನೀವು ಕೂರುತ್ತಿದ್ದ ಕಿಟಕಿ ಪಕ್ಕದ ಅದೇ ಮೇಜಿನಿಂದ ಇದನ್ನು ಬರೆಯುತ್ತಿದ್ದೇನೆ. ನೀವು ನಿವೃತ್ತರಾಗಿ ಹತ್ತೊಂಬತ್ತು ವರ್ಷಗಳಾದವು. ಇಷ್ಟು ಕಾಲ ನಿಮಗೆ ಒಂದು ಸಾಲನ್ನೂ ಬರೆಯದಿದ್ದುದಕ್ಕೆ ಸೋಮಾರಿತನ ಕಾರಣವಲ್ಲ, ನಾಚಿಕೆ. ನಿಮ್ಮ ಬೀಳ್ಕೊಡುಗೆಯಲ್ಲಿ ಎಲ್ಲರೆದುರು ನಾನು ಆಡಿದ ಮಾತು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. "ಅಕ್ಕ ಹೊರಟ್ರು, ಅವರ ಗಂಟುಗಳನ್ನೆಲ್ಲ ಇಲ್ಲೇ ಬಿಟ್ಟು. ಪರವಾಗಿಲ್ಲ, ಗುಡಿಸೋಕೆ ನಾನಿದೀನಲ್ಲ" ಎಂದಿದ್ದೆ. ಎಲ್ಲರೂ ನಕ್ಕರು. ನೀವೂ ನಕ್ಕು, "ಗುಡಿಸಪ್ಪಾ, ಆದ್ರೆ ಗುಡಿಸೋಕೆ ಮುಂಚೆ ಒಂದ್ಸಲ ಬಿಚ್ಚಿ ನೋಡು" ಎಂದಿರಿ.

ಉಳಿದವರೆಲ್ಲ ಪ್ಯಾಕೇಜ್ ಎನ್ನುತ್ತಿದ್ದುದನ್ನು ಗಂಟು ಎಂದು ಕರೆದವರು ನೀವು. ಪ್ರೋಗ್ರಾಮು ದತ್ತಾಂಶದ ಉಗ್ರಾಣಕ್ಕೆ ಒಂದು ಪ್ರಶ್ನೆ ಹಾಕುತ್ತದೆ. ಯಾವ ದಾರಿ ಹಿಡಿದರೆ ಉತ್ತರ ಬೇಗ ಸಿಕ್ಕೀತೆಂದು ಯಂತ್ರ ಪ್ರತಿ ಸಲವೂ ಯೋಚಿಸುತ್ತ ಕೂರಬಾರದು. ಒಮ್ಮೆ ಯೋಚಿಸಿ, ಪ್ರಶ್ನೆಯನ್ನೂ ದಾರಿಯನ್ನೂ ಒಟ್ಟಿಗೆ ಕಟ್ಟಿ, ಹೆಸರಿಟ್ಟು ತೆಗೆದಿರಿಸಬೇಕು. ಬೇಕಾದಾಗ ಹೆಸರು ಕರೆದರೆ ಸಾಕು. "ಆಫೀಸಿಗೆ ಬರೋ ದಾರೀನ ದಿನಾ ಯೋಚ್ನೆ ಮಾಡ್ತೀಯಾ? ಕಾಲೇ ಕರ್ಕೊಂಡು ಬರತ್ತೆ. ಇದೂ ಹಾಗೇನೆ" ಎಂದು ಮೊದಲ ದಿನವೇ ಹೇಳಿಕೊಟ್ಟಿರಿ.

ಉಗ್ರಾಣ ಬೆಳೆದಂತೆ ಗಂಟುಗಳನ್ನು ಹೊಸದಾಗಿ ಕಟ್ಟಬೇಕಾಗುತ್ತಿತ್ತು. ನೀವು ಒಂದನ್ನು ಕಟ್ಟಿ, ಓಡಿಸಿ, ಉತ್ತರಕ್ಕೆ ಎಷ್ಟು ಹೊತ್ತಾಯಿತೆಂದು ನೋಡಿ, ಹಳೆಯದನ್ನು ಪಕ್ಕದಲ್ಲೇ ಎತ್ತಿಟ್ಟು, ಆಮೇಲೆ ಇನ್ನೊಂದಕ್ಕೆ ಕೈಹಾಕುತ್ತಿದ್ದಿರಿ. ನಾನೂರ ಹನ್ನೆರಡು ಗಂಟುಗಳಿಗೆ ಮೂರು ವಾರ. ಒಂದೇ ಆಜ್ಞೆಗೆ ಮುಗಿಯುವ ಕೆಲಸಕ್ಕೆ ಇಷ್ಟು ದಿನವೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಕಳೆದ ವಾರ ಹೊಸ ಯಂತ್ರ ಬಂದಿತು. ಸೋಮವಾರ ನಾನೂರ ಹನ್ನೆರಡನ್ನೂ ಒಂದೇ ಆಜ್ಞೆಯಲ್ಲಿ, ನಲವತ್ತು ನಿಮಿಷಗಳಲ್ಲಿ, ಹೊಸದಾಗಿ ಕಟ್ಟಿಸಿ ಬೀಗಿದೆ. ಮಂಗಳವಾರ ಬೆಳಿಗ್ಗೆ ಮೇಲಧಿಕಾರಿ ಬಾಗಿಲಲ್ಲೇ ನಿಂತು, "ಹಳೇ ಪ್ರತಿಗಳನ್ನ ಅಳಿಸಿಬಿಡಿ ಸಾರ್, ಜಾಗ ಸಾಲ್ತಿಲ್ಲ" ಎಂದರು. ಅಳಿಸುವ ಆಜ್ಞೆಯನ್ನು ಬರೆದು, ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಆಗ ಕೆಳಗಿನ ಮಹಡಿಯಿಂದ ಹಿರಿಯ ದಾದಿಯ ಫೋನು ಬಂದಿತು. "ಸಾರ್, ದಾನಿಗಳ ಹುಡುಕಾಟ ಹತ್ತು ನಿಮಿಷದಿಂದ ಸುತ್ತುತ್ತಾನೇ ಇದೆ. ಹೆರಿಗೆ ಆದವರಿಗೆ ರಕ್ತಸ್ರಾವ ನಿಲ್ತಿಲ್ಲ. ಅವರದ್ದು ಲಕ್ಷಕ್ಕೊಬ್ಬರ ಗುಂಪು. ನಮ್ಮಲ್ಲಿ ಒಂದು ಚೀಲವೂ ಇಲ್ಲ."

ಬೆರಳು ತಾನಾಗಿ ಹಿಂದೆ ಸರಿಯಿತು. ಅಕ್ಕ, ಅಂದು ನಾನು ಗಂಟನ್ನು ಬಿಚ್ಚಿ ನೋಡಿದೆ.

ಹೊಸ ಗಂಟು, ಆಸ್ಪತ್ರೆಯ ಸುತ್ತಮುತ್ತ ವಾಸಿಸುವ ಲಕ್ಷಾಂತರ ದಾನಿಗಳನ್ನೆಲ್ಲ ಮೊದಲು ಒಟ್ಟುಗೂಡಿಸಿ, ಬಳಿಕ ಒಬ್ಬೊಬ್ಬರ ರಕ್ತದ ಗುಂಪನ್ನು ಕೇಳುತ್ತ ಹೊರಟಿತ್ತು. ಎಲ್ಲ ಗುಂಪಿನವರೂ ಸರಿಸಮ ಸಂಖ್ಯೆಯಲ್ಲಿರುವರೆಂದು ಯಂತ್ರ ಭಾವಿಸಿತ್ತು. ಪಕ್ಕದಲ್ಲಿ ನಿಮ್ಮ ಹಳೆಯ ಗಂಟಿತ್ತು. ಇಷ್ಟು ವರ್ಷ ಅದನ್ನು ಮುಟ್ಟುವ ಅಗತ್ಯವೇ ನನಗೆ ಬಂದಿರಲಿಲ್ಲ. ಅಪರೂಪದ ಗುಂಪಿನವರನ್ನು ಮೊದಲು ಕರೆ, ಅವರು ಬೆರಳೆಣಿಕೆಯಷ್ಟೇ ಇರುತ್ತಾರೆ. ಯಾರು ಹತ್ತಿರವೆಂದು ಆಮೇಲೆ ನೋಡು. ಇಷ್ಟೇ ಅದರ ದಾರಿ.

ಓಡುತ್ತಿದ್ದ ಹುಡುಕಾಟವನ್ನು ನಿಲ್ಲಿಸಿ, ನಿಮ್ಮ ಗಂಟನ್ನು ಮರಳಿ ಅದರ ಸ್ಥಾನದಲ್ಲಿಟ್ಟೆ. ದಾದಿ ಮತ್ತೆ ಹುಡುಕಿದರು. ಫೋನಿನಲ್ಲಿ ಅವರ ಉಸಿರು ಕೇಳಿಸಿತು, ಅನಂತರ ಮಾತು: "ಬಂತು ಸಾರ್. ಹನ್ನೊಂದು ಹೆಸರು. ಒಬ್ಬರು ಎರಡು ಬೀದಿ ಆಚೆಗೇ ಇದಾರೆ, ದರ್ಜಿ." ಕೊರಳಲ್ಲಿದ್ದ ಅಳತೆಪಟ್ಟಿಯನ್ನು ತೆಗೆಯುವುದನ್ನೂ ಮರೆತು ಆ ದರ್ಜಿ ಓಡಿಬಂದರಂತೆ. ತಾಯಿ ಬದುಕಿದರು. ಹೆಣ್ಣುಮಗು.

ಸಂಜೆ ಆ ಗಂಟಿನ ಮೇಲಿದ್ದ ತಾರೀಖನ್ನು ನೋಡಿದೆ. ಅದು ನಿಮ್ಮ ಬೀಳ್ಕೊಡುಗೆಯ ದಿನ, ಸಂಜೆ ನಾಲ್ಕೂಕಾಲು. ನಾನು ನಿಮ್ಮನ್ನು ನಗೆಪಾಟಲು ಮಾಡಿದ ಅರ್ಧ ಗಂಟೆಯ ಅನಂತರ. ಹೂಗುಚ್ಛವನ್ನು ಮೇಜಿನ ಮೇಲಿಟ್ಟು, ಕನ್ನಡಕವನ್ನು ಮತ್ತೆ ಏರಿಸಿ, ಈ ಕೊನೆಯದೊಂದನ್ನು ಕಟ್ಟಿ ಎದ್ದು ಹೋಗಿದ್ದೀರಿ. ಈ ತಾಯಿ ಆಗ ಇನ್ನೂ ಶಾಲೆಯ ಬಾಲೆಯಾಗಿದ್ದಿರಬೇಕು. ಯಾರಿಗೆಂದು ತಿಳಿಯದೆ, ಎಂದಿಗೆಂದು ತಿಳಿಯದೆ ನೀವು ಯೋಚಿಸಿದ ಒಂದು ಯೋಚನೆ ಹೆಸರು ಕರೆದಾಗಲೆಲ್ಲ ಕ್ಷಣದೊಳಗೆ ಎದ್ದು ನಿಂತಿದೆ. ಕರೆಯದಿದ್ದಾಗ ಸುಮ್ಮನೆ ಕಾದಿದೆ.

ಅಳಿಸುವ ಆಜ್ಞೆಯನ್ನೇ ಅಳಿಸಿದ್ದೇನೆ. ಜಾಗದ ಮಾತೆತ್ತಿದ ಮೇಲಧಿಕಾರಿಯನ್ನು ದಾದಿಯ ಬಳಿಗೆ ಕಳುಹಿಸಿದೆ. ಹಿಂದಿರುಗಿದವರು ಮತ್ತೆ ಕೇಳಲಿಲ್ಲ. ಈಗ ಒಂದೊಂದೇ ಗಂಟನ್ನು ಬಿಚ್ಚಿ, ಓಡಿಸಿ, ಹೊತ್ತು ನೋಡಿ, ಕಟ್ಟುತ್ತಿದ್ದೇನೆ. ಇಂದಿಗೆ ಮೂವತ್ತೇಳು ಮುಗಿದವು. ನನ್ನ ನಿವೃತ್ತಿಗೆ ಇನ್ನು ಎರಡು ತಿಂಗಳಿವೆ. ಮೂರು ವಾರ ಸಾಕೆಂದು ನೀವೇ ತೋರಿಸಿಕೊಟ್ಟಿದ್ದೀರಲ್ಲ.

ಅಂದಿನ ಮಾತನ್ನು ಕ್ಷಮಿಸಿ, ಅಕ್ಕ. ಕಟ್ಟಿಟ್ಟ ನಿಮ್ಮ ಕೈಗಳು ಸದಾ ತಣ್ಣಗಿರಲಿ.

ಗುಡಿಸಲು ನಿಂತಿದ್ದ,
ನಿಮ್ಮ ತಮ್ಮ