ಇಲ್ಲಿ ಕುಲಕರ್ಣಿ ಎಂಬವರಿಲ್ಲ

೧೫ ಫೆಬ್ರವರಿ ೧೯೫೪, ಸೋಮವಾರ. ಬೆಳಿಗ್ಗೆ ೫-೩೦

ನಲ್ಲಿ ಐದಕ್ಕೇ ನಿಂತಿತು. ತುಂಬಿದ್ದು ಒಂದೇ ಹಂಡೆ. ಕೌಸಲ್ಯಾ ಸಿಡಿಮಿಡಿ. ಸರಸು ಪಕ್ಕಕ್ಕೆ ಬಂದು ನನ್ನ ಕಿವಿಯಲ್ಲಿ ಹೇಳಿದಳು — "ಅಮ್ಮಂಗೆ ಕೋಪ ನಲ್ಲಿ ಮೇಲೆ ಅಪ್ಪ, ನಿನ್ನ ಮೇಲಲ್ಲ." ಎಂಟು ವರ್ಷದ ಮಗು ದಿನಕ್ಕೆ ಆಡುವ ಮಾತು ಇಷ್ಟೇ. ಅದೂ ನನ್ನ ಕಿವಿಗೆ ಮಾತ್ರ. ನಂಜನಗೂಡು ಬಿಟ್ಟು ದಾದರಿನ ಈ ಚಾಳಿಗೆ, ಒಂದೇ ಕೋಣೆಯ ಖೋಲಿಗೆ, ಬಂದು ಹದಿನಾಲ್ಕು ತಿಂಗಳು. ಹೊರಗೆ ಒಂದಕ್ಷರ ಆಡಿಲ್ಲ. ತಾಯಿಗೂ ತಲೆಯಾಡಿಸುವುದಷ್ಟೇ. ಹೆಸರಿಟ್ಟದ್ದು ಸರಸ್ವತಿ ಎಂದು. ಇರಲಿ.

೧೯ ಫೆಬ್ರವರಿ

ಶಾಲೆಯ ರಮಾನಾಥ ಮಾಸ್ತರರು ಕರೆಸಿದ್ದರು. "ಕಿವಿ, ಗಂಟಲು ಸರಿಯಿದೆ ಅಂತೀರಿ. ಹಾಗಾದ್ರೆ ಇಲ್ಲಿ ತೋರಿಸಿ ಮೂರ್ತಿಗಳೇ" — ಒಂದು ಚೀಟಿ ಕೊಟ್ಟರು. ದೊಡ್ಡ ಆಸ್ಪತ್ರೆಯೊಂದರಲ್ಲಿ ಮಕ್ಕಳ ಮನಸ್ಸಿಗೇ ಬೇರೆ ವಿಭಾಗವಿದೆಯಂತೆ. ಕೌಸಲ್ಯಾ ಓದಿ, ನಾಲ್ಕಾಗಿ ಮಡಿಸಿಟ್ಟಳು. "ಹುಚ್ಚರ ಡಾಕ್ಟರಾ? ಚಾಳಲ್ಲಿ ಒಬ್ಬರಿಗೆ ಗೊತ್ತಾದ್ರೆ ಸಾಕು. ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?"

ಬೈಯಲಾಗಲಿಲ್ಲ. ನನಗೂ ಅದೇ ಹೆದರಿಕೆ. ರಜೆಗೆ ಹೆಡ್ ಕ್ಲಾರ್ಕಿಗೆ ಏನು ಕಾರಣ ಹೇಳಲಿ? ಡಾಕ್ಟರಿಗೆ ಕನ್ನಡ ಬರದಿದ್ದರೆ? ಠಾಣಾದ ಹುಚ್ಚಾಸ್ಪತ್ರೆಗೆ ಸೇರಿಸಿ ಎಂದುಬಿಟ್ಟರೆ?

೨ ಮಾರ್ಚ್, ಮಂಗಳವಾರ

ಹಲ್ಲುನೋವು ಎಂದು ಹಾಫ್ ಡೇ ರಜೆ. ಕೌಸಲ್ಯಾಗೆ ಹೇಳದೆ ಸರಸುವನ್ನು ಆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಿಟಕಿಯ ಗುಮಾಸ್ತ "ಆಡನಾವ್?" ಎಂದ. ನಮ್ಮ ಮೈಸೂರು ಕಡೆ ಅಡ್ಡಹೆಸರು ಎಲ್ಲಿದೆ? ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ, ಮುಗಿಯಿತು. ಈ ಊರಿನಲ್ಲಿ ಹಾಗೆಂದು ವಿವರಿಸಿ ವಿವರಿಸಿ ಸಾಕಾಗಿದೆ. ಇವತ್ತು ಮಾತ್ರ ಆ ಖಾಲಿ ಜಾಗ ಅನುಕೂಲವಾಗಿ ಕಂಡಿತು. "ಕುಲಕರ್ಣಿ" ಎಂದೆ. ಚಾಳಿನ ಹೆಸರು ಬರೆಸಿದೆ, ಖೋಲಿ ನಂಬರ್ ಕೊಡಲಿಲ್ಲ. ದಿನ ಗೊತ್ತಾದ ಮೇಲೆ ಅಂಚೆಯಲ್ಲಿ ಕಾರ್ಡ್ ಹಾಕುತ್ತಾರಂತೆ. ಅಂಚೆಯವನನ್ನು ಕೆಳಗೇ ಹಿಡಿದು ಈಸಿಕೊಂಡರಾಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಟ್ರಾಮಿನಲ್ಲಿ ಕಿವಿಗೆ ಬಂದಳು. "ಕುಲಕರ್ಣಿ ಯಾರಪ್ಪ?"

"ಸುಮ್ನೆ ಮರಿ. ಒಂದು ಆಟ."

೨೭ ಮಾರ್ಚ್, ಶನಿವಾರ. ಮಧ್ಯಾಹ್ನ ೪

ಖೋಲಿಯ ಮುಂದಿನ ಗ್ಯಾಲರಿಯಲ್ಲಿ ಕೂತು ಸರಸುವಿನ ಜಡೆ ಬಿಡಿಸುತ್ತಿದ್ದೆ. ಕುಲಕರ್ಣಿ ಯಾರೆಂದು ಅಂಚೆಯವನು ಮೆಟ್ಟಿಲಿನಿಂದಲೇ ಕೂಗಿದ — "ಕುಲಕರ್ಣಿ ಕೋಣ್ ಆಹೇ? ಹಾಸ್ಪಿಟಲ್‌ಚಂ ಕಾರ್ಡ್!" ಪಕ್ಕದ ಖೋಲಿಯ ಗಂಗುಬಾಯಿ ಹೊರಗೆ ಬಂದರು. ಹಿಂದೆಯೇ ಏಳೆಂಟು ಜನ. ಕಾರ್ಡಿಗೆ ಎಲ್ಲಿಯ ಗುಟ್ಟು... ಗಂಗುಬಾಯಿ ಕಾರ್ಡು ತಿರುಗಿಸಿ ಓದಿದರು. ಮಕ್ಕಳ ತಲೆ ಕೆಟ್ಟರೆ ನೋಡುವ ಜಾಗವಂತೆ ಎಂದರು. ಯಾರೋ ನಕ್ಕರು.

ನೀವೇನಾ ಎಂಬಂತೆ ಅಂಚೆಯವನು ನನ್ನನ್ನು ನೋಡಿದ. "ತುಮ್ಹೀ ಕಾ?"

"ನಾಹೀ. ಇಥೇ ಕೋಣೀ ಕುಲಕರ್ಣಿ ನಾಹೀ."

ಅಲ್ಲ, ಇಲ್ಲಿ ಕುಲಕರ್ಣಿ ಎಂಬವರಿಲ್ಲ — ನನ್ನ ಮರಾಠಿ ಎಂದೂ ಇಷ್ಟು ಸಲೀಸಾಗಿ ಬಂದಿರಲಿಲ್ಲ. ಕಾರ್ಡು ಚೀಲಕ್ಕೆ ಹೋಯಿತು. ಸರಸು ನನ್ನ ಕೈಯಿಂದ ಜಡೆ ಬಿಡಿಸಿಕೊಂಡು ಒಳಗೆ ಹೋದಳು.

೬ ಏಪ್ರಿಲ್. ಬೆಳಿಗ್ಗೆ

ಹತ್ತು ದಿನವಾಯಿತು. ನಲ್ಲಿಯ ಹತ್ತಿರ ಬರುತ್ತಾಳೆ, ಕೊಡ ಹಿಡಿಯುತ್ತಾಳೆ. ಮಾತಿಲ್ಲ. ಇವತ್ತು ನಾನೇ ಬಗ್ಗಿ ಕಿವಿ ಕೊಟ್ಟೆ. ಕೊಡದ ಕಡೆ ನೋಡಿದಳು. ಈಗ ನನಗೂ ತಲೆಯಾಡಿಸುವುದಷ್ಟೇ.

ಅವಳ ಬಗ್ಗೆ ನಾಚಿಕೆಪಟ್ಟೆನೆಂದು ಅವಳಿಗೆ ಗೊತ್ತಾಗಿದೆ. ಲೋಕಲ್ ರೈಲಿನಲ್ಲಿ ಜನರ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತೇನೆ, ಇದನ್ನು ಹೇಳಲು ಒಬ್ಬರಿಲ್ಲ.

೨೨ ಏಪ್ರಿಲ್, ಗುರುವಾರ

ಕೌಸಲ್ಯಾಗೆ ಎಲ್ಲ ಹೇಳಿದೆ. ರಂಪ ಮಾಡುತ್ತಾಳೆಂದುಕೊಂಡಿದ್ದೆ. ಹುಳಿ ಕದಡುತ್ತ ನಿಂತೇ ಇದ್ದಳು.

"ಆವತ್ತು ಬಾಗಿಲ ಹಿಂದೆ ನಾನೂ ಇದ್ದೆ. ನಿಮ್ಮ ಮುಖ ನೋಡಿದಾಗಲೇ ಗೊತ್ತಾಯ್ತು, ಕಾರ್ಡು ನಮ್ಮದೇ ಅಂತ. ನಾನೂ ಸುಮ್ಮನಿದ್ದೆ."

ಒಂದೇ ಖೋಲಿ, ಹತ್ತಡಿ ಅಗಲ. ಇಷ್ಟು ದಿನ ಇಬ್ಬರೂ ಬೇರೆ ಬೇರೆಯಾಗಿ ಬಚ್ಚಿಟ್ಟುಕೊಂಡಿದ್ದೆವು.

"ಈ ಸಲ ನಾನೂ ಬರ್ತೀನಿ" ಎಂದಳು.

೨೭ ಏಪ್ರಿಲ್, ಮಂಗಳವಾರ. ಸಂಜೆ ೬

ಮೂವರೂ ಹೋಗಿಬಂದೆವು. ಅದೇ ಗುಮಾಸ್ತ. ವಾಪಸು ಬಂದ ಕಾರ್ಡು ಫೈಲಿನಲ್ಲಿತ್ತು. ಅದರಲ್ಲಿದ್ದ ದಿನ ಕಳೆದು ಎರಡು ವಾರ. ಹೊಸ ದಿನ ಸಿಗಲು ಇನ್ನು ಜೂನ್ ಮುಗಿಯಬೇಕಂತೆ.

"ಹೆಸರು ಬದಲಿಸಬೇಕು" ಎಂದೆ. "ಎನ್. ಎಸ್. ಕೇಶವಮೂರ್ತಿ. ಅಡ್ಡಹೆಸರಿಲ್ಲ. ಖೋಲಿ ನಂಬರ್ ಹದಿನೇಳು." ಆಮೇಲೆ ಸರಸುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕನ್ನಡದಲ್ಲಿ ಹೇಳಿದೆ — "ಅದು ಆಟ ಅಲ್ಲ ಮರಿ. ಅಪ್ಪ ಸುಳ್ಳು ಹೇಳಿದ್ದೆ. ಹೆದರಿಕೊಂಡಿದ್ದೆ." ಅವಳು ನನ್ನ ಅಂಗಿಯ ಗುಂಡಿ ನೋಡುತ್ತಿದ್ದಳು.

ಎಲ್ಲಿಗೆ ಹೋಗಿದ್ದಿರಿ ಎಂದು ಗಂಗುಬಾಯಿ ಕೇಳಿದರು. ಕೌಸಲ್ಯಾ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಹೌದಾ ಎನ್ನುವಂತೆ "ಅಸಂ?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾಳೆಯಿಂದ ನಲ್ಲಿಯ ಹತ್ತಿರ ಏನೇನು ಕೇಳಬೇಕೋ.

ಗ್ಯಾಲರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸರಸು ಬಂದು ಹಿಂದೆ ನಿಂತು ಸ್ವಲ್ಪ ಹೊತ್ತಾಯಿತು. ತಿರುಗಿ ನೋಡಿಲ್ಲ, ನೋಡಿದರೆ ಹೋಗಿಬಿಟ್ಟಾಳು. ಹೆಗಲ ಮೇಲೆ ಕೈ ಇಟ್ಟಳು. ಬಗ್ಗುತ್ತಿದ್ದಾಳೆ, ಏನೋ —